"ನಮ್ಮ ಲೈನ್ ಎಲ್ಲಿದೆ ಮಗಳೇ?"

ಈ ವಾರ ಕೊಡಗಿನ ಮಕ್ಕಂದೂರಿನ ಕಡೆ ನಮ್ಮ ಹುಡುಗ ಹುಡುಗಿಯರ ಡ್ರೋನ್ ತರಬೇತಿ ನೋಡಲು ಹೋಗಿದ್ದೆ. ತೋಟದ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ ಇರುವ ಒಬ್ಬ ಅಕ್ಕ ಕೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ.

"ನಮ್ಮ ಲೈನ್ ಎಲ್ಲಿದೆ ಮಗಳೇ?"

ಲ್ಯಾಪ್‌ಟಾಪಿನಲ್ಲಿ ಊರಿನ ನಕ್ಷೆ. ಗದ್ದೆ ಉಳುವ ಹಾಗೆ ಡ್ರೋನ್ ಸಾಲು ಸಾಲಾಗಿ ಹೋಗಿ ಬಂದು ತೆಗೆದ ಫೋಟೋಗಳನ್ನು ಜೋಡಿಸಿದ್ದು. ಒಂದು ಫೋಟೋದ ಮುಕ್ಕಾಲು ಪಾಲು ಮುಂದಿನದರಲ್ಲೂ ಇರಬೇಕಂತೆ. ಆಗಲೇ ನೆಲದ ಏರಿಳಿತ ಸಿಗೋದು. ಮಾಲೀಕರ ಬಂಗಲೆ, ಕಾಫಿ ಒಣಗಿಸುವ ಕಣ, ರಸ್ತೆ ಎಲ್ಲಾ ಸ್ಪಷ್ಟ. ಅಕ್ಕ ಬೆರಳಿಟ್ಟಲ್ಲಿ ಮಾತ್ರ ಬರೀ ಹಸಿರು. ಸಿಲ್ವರ್ ಓಕ್, ಹಲಸು. ಅದರಡಿಯಲ್ಲೇ ಅವರ ಲೈನ್ ಮನೆ.

ಕಲಿಸಲು ಬಂದವರು ಕೆಲಸ ಬಲ್ಲವರು, ತಾಳ್ಮೆಯವರು. ಆದರೆ ಹೊರಗಿನವರಿಗೆ ಅಲ್ಲಿ ಮನೆ ಇದೆ ಅಂತ ಹೇಗೆ ಗೊತ್ತಾಗಬೇಕು? ಉತ್ತರ ಕೊಟ್ಟಿದ್ದು ಡ್ರೋನ್ ಹಾರಿಸಿದ ನಮ್ಮೂರ ಹುಡುಗಿ. "ಮರ ಮುಚ್ಚಿದೆ ಅಕ್ಕ. ಬನ್ನಿ, ನಡೆದೇ ಹೋಗಿ ಗುರುತು ಹಾಕೋಣ."

ಮೊಬೈಲಿನಲ್ಲಿ ಜಿಪಿಎಸ್ ಹಾಕಿಕೊಂಡು ಇಬ್ಬರೂ ಇಳಿದೇ ಬಿಟ್ಟರು. ನಾನೂ ಹಿಂದೆ ಹೋದೆ. ಲೈನಿನ ಹಿಂದೆ ಬರೆಯನ್ನು, ಅಂದರೆ ಗುಡ್ಡದ ಇಳಿಜಾರನ್ನು, ನೆಟ್ಟಗೆ ಕಡಿದಿದ್ದಾರೆ. ಗೋಡೆಗೂ ಬರೆಗೂ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. "ಜೋರು ಮಳೆಗೆ ಇಲ್ಲಿಂದ ಕೆಂಪು ನೀರು ಬರ್ತದೆ" ಅಂದರು ಅಕ್ಕ. ಬರೆಯಿಂದ ಮಣ್ಣು ಕಲಸಿದ ನೀರು ಬಂತೆಂದರೆ ಒಳಗೆ ಮಣ್ಣು ಸಡಿಲವಾಗ್ತಿದೆ ಅಂತ ಅರ್ಥ. ಹುಡುಗಿ ಅದನ್ನೂ ಬರೆದುಕೊಂಡಳು. ಯಾವ ಕ್ಯಾಮೆರಾಕ್ಕೆ ಸಿಗ್ತಿತ್ತು ಈ ವಿಷಯ?

2018ರ ಆಗಸ್ಟ್ ತಿಂಗಳ ಭೂಕುಸಿತ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಮರುವರ್ಷ ತೋರ ಗ್ರಾಮ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಬರೆ ಜರಿದ ಮೇಲೆ ಮೊದಲು ಕೇಳೋದು "ಒಳಗೆ ಎಷ್ಟು ಜನ ಇದ್ದರು?" ಅಂತ. ಆ ಮಳೆಗಾಳಿ, ಮಂಜಿನಲ್ಲಿ ಡ್ರೋನ್ ಹಾರಿಸೋಕೂ ಆಗಲ್ಲ. ಲೆಕ್ಕ ಬೇಸಿಗೆಯಲ್ಲೇ ಆಗಬೇಕು. ಕೂಲಿಗೆ ಬಂದವರ ಹೆಸರು ಎಷ್ಟೋ ಸಲ ಊರಿನ ಯಾವ ಪಟ್ಟಿಯಲ್ಲೂ ಇರಲ್ಲ. ನಕ್ಷೆಯಲ್ಲೂ ಇಲ್ಲದಿದ್ದರೆ ಅವರನ್ನು ಹುಡುಕೋರು ಯಾರು? "ನಮ್ಮ ಲೈನ್ ಎಲ್ಲಿದೆ" ಅಂತ ಅಕ್ಕ ಕೇಳಿದ್ದು ಸುಮ್ನೆ ಅಲ್ಲ.

ಈಗ ಎಲ್ಲರ ಬಾಯಲ್ಲೂ ಡ್ರೋನ್ ಖರೀದಿಯದೇ ಮಾತು. ನನ್ನ ಕೇಳಿದರೆ, ಮೊದಲು ಆ ಹುಡುಗಿಗೆ ಸಂಬಳ ಕೊಟ್ಟು ಈ ಕೆಲಸಕ್ಕೆ ಇಟ್ಟುಕೊಳ್ಳಬೇಕು. ಬರೆ ಕಡಿಯೋದು, ಹೊಸ ಮನೆ ಕಟ್ಟೋದು ಪ್ರತಿ ವರ್ಷ ನಡೀತದೆ. ಹೋದ ವರ್ಷದ ನಕ್ಷೆ ಈ ಮಳೆಗೆ ಸಾಕಾಗಲ್ಲ. ಪಕ್ಕದ ತೋಟಗಳ ಲೈನುಗಳು ಇನ್ನೂ ಬಾಕಿ ಇವೆ. ಜೂನ್ ಬರುವ ಮೊದಲು ಅವಳು ಅಲ್ಲಿಗೂ ನಡೆದು ಹೋಗಬೇಕು.