ಡೆಕ್ಕಿಗೆ ಬೇಕಾಗಿದ್ದು 25

ಯಾರಿಗೋ ಇನ್ನೂ ಟೇಪಲ್ಲೇ ಸಿನಿಮಾದ ಮಾಸ್ಟರ್ ಕಾಪಿ ಬೇಕಂತೆ, ಅದಕ್ಕೆ ಗಾಂಧಿನಗರದ ಎಡಿಟ್ ರೂಮಲ್ಲಿ ಧೂಳು ಹೊಡೀತಾ ಇದ್ದ ಡಿಜಿಬೀಟಾ ಡೆಕ್ಕನ್ನ (ವಿಡಿಯೋ ಟೇಪ್ ರೆಕಾರ್ಡರು) ಇವತ್ತು ಎಬ್ಬಿಸಿದ್ವಿ. ಅದು ಪಾಲ್ ಡೆಕ್ಕು, ಅಂದ್ರೆ ನಮ್ ಕಡೆ ಟಿವಿ ಪದ್ಧತೀದು, ಸೆಕೆಂಡಿಗೆ 25 ಫ್ರೇಮ್ ಬಿಟ್ರೆ ಬೇರೆ ಭಾಷೆ ಬರಲ್ಲ ಅದಕ್ಕೆ, ಕಂಪ್ಯೂಟರಲ್ಲಿ ಎಡಿಟ್ ಮಾಡಿಟ್ಟ ನಮ್ ಟೈಮ್‌ಲೈನ್ ನೋಡಿದ್ರೆ 24. ನಾನು ಆತುರಗೆಟ್ಟೋನು ಸೆಟ್ಟಿಂಗ್ ನೋಡ್ದೆ ರೆಕಾರ್ಡ್‌ಗೆ ಹಾಕ್ಬಿಟ್ಟೆ, ಪ್ರೀರೋಲ್‌ಗೆ, ಅಂದ್ರೆ ಓಟ ಹಿಡಿಯೋಕೆ, ಟೇಪು 5 ಸೆಕೆಂಡ್ ಹಿಂದೆ ಹೋಯ್ತು, ಸ್ಪೀಡ್ ಕೂಡ್ತಾ ಅಂತ ತೋರಿಸೋ ಸರ್ವೋ ಲೈಟ್ ಮಿಣಮಿಣ ಅಂತು, ಕಟಕ್ ಅಂತ ನಿಂತೋಯ್ತು. ಹಿಂದಿಂದ ಹುಡುಗ ಮೆಲ್ಲಗೆ, "ಸರ್, ಟೈಮ್‌ಲೈನ್ ಫ್ರೇಮ್ ರೇಟ್ ನೋಡಿದ್ರಾ?" ಥೂ ಮಾನ ಹೋಯ್ತು.

ಸೆಕೆಂಡಿಗೊಂದು ಫ್ರೇಮ್ ಎರಡೆರಡು ಸಲ ತೋರಿಸಿ 25 ಮಾಡಿದ್ರೆ ಬಸ್ ಹೋಗೋ ಪ್ಯಾನ್ ಶಾಟು ಗುಂಡಿಗೆ ಬಿದ್ದಂಗೆ ಜರ್ಕ್ ಹೊಡೀತು. ಕೊನೆಗೆ ಇಡೀ ಸಿನಿಮಾದ ಸ್ಪೀಡೇ 24ರಿಂದ 25ಕ್ಕೆ ಏರಿಸಿದ್ವಿ, 100 ನಿಮಿಷದ್ದು 96ಕ್ಕೆ ಇಳೀತು, ಹೀರೋ ದನಿ ಒಂಚೂರು ಕೀರಲು, ಪಿಚ್ ಸರಿ ಮಾಡೋದ್ರಲ್ಲಿ ಟೀ ಆರೋಯ್ತು.

ಮಧ್ಯೆ ಊರಿಂದ ಅಮ್ಮನ ಫೋನು. ಅವಳು ನಿಧಾನಕ್ಕೆ ಹಲಸಿನಕಾಯಿ ಕಥೆ ಹೇಳ್ತಾ ಇದ್ರೆ ನಾನು "ಹೂಂ ಹೂಂ, ಬೇಗ ಹೇಳು" ಅಂತಿದ್ದೆ. ನಮ್ಮಿಬ್ರದ್ದೂ ರೇಟ್ ಬೇರೆ ಆಗಿ ಎಷ್ಟು ವರ್ಷ ಆಯ್ತೋ.

ಟೇಪ್ ಈಗ ಓಡ್ತಾ ಇದೆ, ಇನ್ನೂ 40 ನಿಮಿಷ. ವಾಪಸ್ ಫೋನ್ ಮಾಡ್ತೀನಿ.