ಕಾರು ತರೋಕೆ ಮತ್ತೆ ಗುಡ್ಡ ಹತ್ಬೇಕಾ?

ಭಾನುವಾರ ಅಮ್ಮ ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ.

ಸ್ವಿಟ್ಜರ್ಲೆಂಡಿನ ಮ್ಯಾಪು ಮೇಜಿನ ಮೇಲೆ ಹರಡಿತ್ತು. ಅಕ್ಕ-ಭಾವ ವಿಡಿಯೋ ಕಾಲ್‌ನಲ್ಲಿದ್ದರು. ಜುಲೈನಲ್ಲಿ ನಾವು ನಾಲ್ವರೂ ಹೋಗುವುದು, ಒಂದಷ್ಟು ಬೆಟ್ಟ ನಡೆಯುವುದು, ಒಂದಷ್ಟು ಊರು ನೋಡುವುದು ಅಂತ ಆಗಲೇ ತೀರ್ಮಾನವಾಗಿತ್ತು. ಅಲ್ಲಿ ಹೇಗೆ ಓಡಾಡುವುದು ಅನ್ನುವುದಷ್ಟೇ ಬಾಕಿ. ಭಾವನದು ಶುರುವಿಂದಲೂ ಒಂದೇ ಮಾತು: "ಕಾರು ತಗೊಳ್ಳೋಣ. ನಮ್ಮ ಟೈಮ್ ನಮ್ಮ ಕೈಲಿರುತ್ತೆ." ನಾನು ರೈಲು, ಬಸ್ಸು ಅಂತಿದ್ದೆ. ಅಕ್ಕ ಇಬ್ಬರಿಗೂ ಹೂಂ ಅಂತಿದ್ದಳು.

ಅಮ್ಮ ಬಟ್ಟೆ ಮಡಚುತ್ತಾ ಕೂತಿದ್ದರು. ನಡುನಡುವೆ ಕನ್ನಡಕ ಸರಿ ಮಾಡಿಕೊಂಡು ಮ್ಯಾಪಿನ ಮೇಲೆ ಬಗ್ಗುತ್ತಿದ್ದರು. ಒಂದು ಸಲ, ನಾನು ಪೆನ್ಸಿಲ್ಲಿನಲ್ಲಿ ಎಳೆದಿದ್ದ ಗೆರೆಯ ಮೇಲೆ ಬೆರಳಿಟ್ಟರು. ಶೀನಿಗೆ ಪ್ಲಾಟೆ ಎಂಬ ಬೆಟ್ಟದಿಂದ ಫಿರ್ಸ್ಟ್ ಎಂಬ ಇನ್ನೊಂದು ಬೆಟ್ಟದವರೆಗಿನ ನಡಿಗೆಯ ಗೆರೆ ಅದು. ಬೆರಳು ಸಾವಕಾಶವಾಗಿ ಆ ತುದಿಗೆ ಹೋಗಿ ನಿಂತಿತು. ಆಮೇಲೆ ಕೇಳಿದರು: "ಕಾರು ಈ ಕಡೆ ನಿಲ್ಲಿಸಿ, ಗುಡ್ಡ ದಾಟಿ ಆ ಕಡೆ ಇಳಿದ್ರೆ, ಕಾರು ತರೋಕೆ ಮತ್ತೆ ಗುಡ್ಡ ಹತ್ಬೇಕಾ?"

"ಹಾಗಲ್ಲ ಅತ್ತೆ, ಅಲ್ಲಿಂದ ರೈಲು ಹಿಡಿದು ಕಾರು ಇರೋ ಕಡೆಗೆ ಬರೋದು" ಅಂದರು ಭಾವ.

"ಹಾಗಿದ್ರೆ ಮೊದಲಿಂದಲೇ ರೈಲಲ್ಲಿ ಹೋಗ್ಬಹುದಲ್ವಾ?"

ವಾದದ ದನಿ ಅಲ್ಲ ಅದು. ನಿಜವಾಗಲೂ ತಿಳಿದುಕೊಳ್ಳಬೇಕು ಅನ್ನುವ ದನಿ. ಭಾವ ಉತ್ತರ ಹುಡುಕುವಷ್ಟರಲ್ಲಿ ಅಮ್ಮ ಇನ್ನೊಂದು ಟವೆಲ್ ಕೈಗೆತ್ತಿಕೊಂಡಿದ್ದರು.

ಎಷ್ಟೋ ದಿನಗಳಿಂದ ನಾನು ಕಾರಿನ ವಿರುದ್ಧ ಏನೇನೋ ಹೇಳುತ್ತಿದ್ದೆ. ಪಾರ್ಕಿಂಗ್ ದುಬಾರಿ, ರಸ್ತೆಯ ಬಲಗಡೆ ಓಡಿಸಬೇಕು, ಎಲ್ಲರಿಗೂ ಸುಸ್ತು. ಆ ಯಾವ ಕಾರಣವೂ ಅಮ್ಮನ ಪ್ರಶ್ನೆಯ ಹತ್ತಿರಕ್ಕೂ ಬರಲಿಲ್ಲ. ಬೆಟ್ಟ ನಡೆಯುವವರಿಗೆ ಕಾರು ಯಾಕೆ ಕಟ್ಟಿಹಾಕುತ್ತದೆ ಅನ್ನುವುದು ಅದೊಂದು ಮಾತಿನಲ್ಲೇ ಇದೆ. ಕಾರು ಎಲ್ಲಿದೆಯೋ ಅಲ್ಲಿಗೇ ವಾಪಸ್ ಬರಬೇಕು. ಹಾಗಾಗಿ ನಡಿಗೆ ಎಲ್ಲ ಸುತ್ತು ಹಾಕಿ ಬರುವ ನಡಿಗೆ ಆಗುತ್ತದೆ, ಇಲ್ಲವೇ ಅರ್ಧ ಹೋಗಿ ಅದೇ ದಾರಿಯಲ್ಲಿ ತಿರುಗುವುದು. ಒಂದು ಕಣಿವೆಯಲ್ಲಿ ಹತ್ತಿ ಇನ್ನೊಂದು ಕಣಿವೆಗೆ ಇಳಿಯುವ ಸುಖ ಸಿಗುವುದು ಹಿಂದೆ ಏನನ್ನೂ ಬಿಟ್ಟು ಬರದವರಿಗೆ ಮಾತ್ರ.

ಅಮ್ಮ ಬೆರಳಾಡಿಸಿದ ಗೆರೆಯನ್ನೇ ನೋಡಿ. ವಿಲ್ಡರ್ಸ್‌ವಿಲ್ ಎಂಬ ಊರಿನಿಂದ ಹಲ್ಲುಗಾಲಿಯ ಪುಟ್ಟ ರೈಲು ಶೀನಿಗೆ ಪ್ಲಾಟೆಗೆ ಹತ್ತುತ್ತದೆ. 1893ರಿಂದ ಇರುವ ರೈಲು. ಬೇಸಿಗೆಯಲ್ಲಷ್ಟೇ ಓಡುತ್ತದೆ. ಮೇಲೆ ತಲುಪಲು ಹತ್ತಿರ ಹತ್ತಿರ ಒಂದು ಗಂಟೆ ಬೇಕು, ಅಷ್ಟು ನಿಧಾನ. ಅಲ್ಲಿಂದ ಬೆಟ್ಟದ ನೆತ್ತಿಯ ಮೇಲೇ ಸುಮಾರು 16 ಕಿಲೋಮೀಟರ್ ದಾರಿ. 2681 ಮೀಟರ್ ಎತ್ತರದ ಫೌಲ್‌ಹಾರ್ನ್ ಹತ್ತಿ ಇಳಿದರೆ ಬಾಖಾಲ್ಪ್‌ಸೇ ಎಂಬ ಕೆರೆ, ಆಮೇಲೆ ಫಿರ್ಸ್ಟ್. ಅಲ್ಲಿ ಗೊಂಡೊಲಾ, ಅಂದರೆ ತಂತಿಗೆ ತೂಗಿಕೊಂಡು ಓಡುವ ಕೇಬಲ್ ಕಾರು, ಹತ್ತಿದರೆ ಕೆಳಗೆ ಗ್ರಿಂಡೆಲ್‌ವಾಲ್ಡ್ ಊರು. ಬೆಳಿಗ್ಗೆ ಒಂದು ಊರು, ಸಂಜೆ ಇನ್ನೊಂದು ಊರು. ಎಡಗಡೆ ತುಂಬ ಕೆಳಗೆ ಬ್ರೀಂಟ್ಸ್ ಸರೋವರ, ಬಲಗಡೆ ಐಗರ್, ಮೋಂಖ್, ಯುಂಗ್‌ಫ್ರೌ ಶಿಖರಗಳು. ಇಂಥ ದಾರಿಯನ್ನು ಅರ್ಧಕ್ಕೆ ಬಿಟ್ಟು ಕಾರಿಗಾಗಿ ವಾಪಸ್ ಬರುವುದು ನೆನೆಸಿಕೊಂಡರೇ ಸಂಕಟ ಆಗುತ್ತದೆ.

ಭಾವನ ಬಗ್ಗೆ ಒಂದು ಮಾತು ಹೇಳಬೇಕು. ಅವರು ತುಂಬಾ ಚೆನ್ನಾಗಿ ಗಾಡಿ ಓಡಿಸುತ್ತಾರೆ. ಸಿಟ್ಟಿಲ್ಲ, ಅವಸರವಿಲ್ಲ, ಯಾರಿಗೂ ಹೊಟ್ಟೆ ತೊಳೆಸದ ಹಾಗೆ ತಿರುವು ತೆಗೆದುಕೊಳ್ಳುತ್ತಾರೆ. ಆದರೆ ನಾವು ಹೋದ ಪ್ರತಿ ಪ್ರವಾಸದಲ್ಲೂ ಅವರು ನೋಡಿದ್ದು ರಸ್ತೆಯನ್ನು. "ಅಲ್ಲಿ ನೋಡಿ, ಜಲಪಾತ!" ಅಂತ ನಾವು ಹಿಂದಿನ ಸೀಟಿನಿಂದ ಕೂಗಿದಾಗ ಅವರು ಕನ್ನಡಿ ನೋಡಿ, ಪಕ್ಕದ ಲಾರಿ ನೋಡಿ, ಆಮೇಲೆ ತಲೆ ಎತ್ತುವಷ್ಟರಲ್ಲಿ ಜಲಪಾತ ಹಿಂದೆ ಹೋಗಿರುತ್ತದೆ. ನಾಲ್ಕು ಜನ ಹೋಗಿ ಮೂರು ಜನ ನೋಡಿ ಬರುವ ಪ್ರವಾಸ ನನಗೆ ಬೇಡ. ಅವರಿಗೂ ಒಂದು ಕಿಟಕಿ ಸಿಗಲಿ ಅನ್ನುವುದು ನನ್ನ ಆಸೆ.

ಅಮ್ಮನ ಪ್ರಶ್ನೆ ಕೇಳಿದ ಮೇಲೆ ಮ್ಯಾಪನ್ನು ಬೇರೆ ಥರ ನೋಡತೊಡಗಿದೆ. ಗೆರೆಗಳನ್ನೆಲ್ಲ ಅಳಿಸಿ ಹೊಸದಾಗಿ ಎಳೆದೆ. ನಿಯಮ ಒಂದೇ: ಹತ್ತಿದ ಕಡೆ ಇಳಿಯುವುದಿಲ್ಲ.

ಗ್ರೋಸೆ ಶೈಡೆಕ್ ಸಿಕ್ಕಿದ್ದು ಹಾಗೆ. ಗ್ರಿಂಡೆಲ್‌ವಾಲ್ಡ್ ಮತ್ತು ಮೈರಿಂಗೆನ್ ನಡುವೆ ಬೆಟ್ಟ ದಾಟುವ, 1962 ಮೀಟರ್ ಎತ್ತರದ ಘಟ್ಟದ ನೆತ್ತಿ. ಅಲ್ಲಿಗೆ ಟಾರು ರಸ್ತೆ ಇದೆ, ಆದರೆ ಪ್ರವಾಸಿಗರ ಕಾರಿಗೆ ಪ್ರವೇಶವಿಲ್ಲ. ಬಸ್ಸು ಹೋಗುತ್ತದೆ. ಗ್ರಿಂಡೆಲ್‌ವಾಲ್ಡ್‌ವರೆಗೆ ರೈಲು, ಅಲ್ಲಿಂದ ಬಸ್ಸಿನಲ್ಲಿ ಮೇಲೆ ಹೋಗಿ ಇಳಿದರೆ ವೆಟ್ಟರ್‌ಹಾರ್ನ್ ಶಿಖರದ ಬಂಡೆಗೋಡೆ ತಲೆಯ ಮೇಲೇ ನಿಂತ ಹಾಗಿರುತ್ತದಂತೆ. ಅಲ್ಲಿಂದ ಆ ಕಡೆಯ ಇಳಿಜಾರಿನಲ್ಲಿ ಹುಲ್ಲುಗಾವಲು, ಕಾಡು ದಾಟಿ ಶ್ವಾರ್ಟ್ಸ್‌ವಾಲ್ಡ್‌ಆಲ್ಪ್, ಇನ್ನೂ ಕಾಲಿಗೆ ಶಕ್ತಿ ಇದ್ದರೆ ರೋಸೆನ್‌ಲೌಯಿ. ಎಲ್ಲಿ ಸಾಕೆನಿಸುತ್ತದೋ ಅಲ್ಲಿ ಅಂಚೆ ಸಂಸ್ಥೆಯ ಹಳದಿ ಪೋಸ್ಟ್ ಬಸ್ಸು ಹತ್ತಿ ಮೈರಿಂಗೆನ್‌ಗೆ ಇಳಿಯಬಹುದು. ಇಕ್ಕಟ್ಟಿನ ಬೆಟ್ಟದ ರಸ್ತೆಯ ತಿರುವುಗಳಲ್ಲಿ ಆ ಬಸ್ಸುಗಳು ಮೂರು ಸ್ವರದ ಹಾರ್ನ್ ಊದುತ್ತವೆ. ಮೈರಿಂಗೆನ್‌ನಿಂದ ಬ್ರೀಂಟ್ಸ್‌ಗೆ ರೈಲು. ಬ್ರೀಂಟ್ಸ್ ಸ್ಟೇಷನ್ ಎದುರಿಗೇ ದೋಣಿಕಟ್ಟೆ. ಸರೋವರ ದಾಟಿ ಇಂಟರ್‌ಲಾಕೆನ್ ಓಸ್ಟ್‌ನಲ್ಲಿ ಇಳಿದರೆ ಅದರ ಹಿಂದೆಯೇ ಮತ್ತೆ ರೈಲು ನಿಲ್ದಾಣ. ಒಂದೇ ದಿನದಲ್ಲಿ ರೈಲು, ಬಸ್ಸು, ಕಾಲು, ಬಸ್ಸು, ರೈಲು, ದೋಣಿ. ಹೋದ ದಾರಿಯಲ್ಲಿ ವಾಪಸ್ ಬರುವುದು ಅಂತಲೇ ಇಲ್ಲ. ಈ ದಿನದ ಪ್ಲಾನ್ ಕೂಡಿ ಬಂದಾಗ ರಾತ್ರಿ ಹನ್ನೊಂದಾಗಿತ್ತು. ಯಾರನ್ನಾದರೂ ಎಬ್ಬಿಸಿ ತೋರಿಸಬೇಕು ಅನಿಸಿತು.

ಇದು ಸುಮ್ನೆ ಅದೃಷ್ಟದಿಂದ ಕೂಡಿ ಬರುವುದಲ್ಲ. 1979ರಲ್ಲಿ ಆ ದೇಶದ ಜನ ಮತ ಹಾಕಿ ಕಾಲುದಾರಿಗಳನ್ನು ಸಂವಿಧಾನಕ್ಕೇ ಸೇರಿಸಿಕೊಂಡರು. ಆಮೇಲೆ ಬಂದ ಕಾನೂನು, ನಡೆಯುವ ದಾರಿಗಳು ಬಸ್ಸು-ರೈಲು ನಿಲ್ದಾಣಗಳನ್ನೂ ಮುಟ್ಟಬೇಕು ಎನ್ನುತ್ತದೆ. ಹಾಗಾಗಿ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟ ಕೂಡಲೇ ಹಳದಿ ಕೈಗಂಬ ಕಾಣುತ್ತದೆ: ಯಾವ ಊರು, ಎಷ್ಟು ಹೊತ್ತಿನ ನಡಿಗೆ. ದೇಶದ ತುಂಬ ಇಂಥ ದಾರಿಗಳು ಸುಮಾರು 65,000 ಕಿಲೋಮೀಟರ್ ಇವೆ. ಇನ್ನು 1982ರಿಂದ ರೈಲುಗಳು ಒಂದು ಲಯದಲ್ಲಿ ಓಡುತ್ತಿವೆ. 9:05ಕ್ಕೆ ಒಂದು ರೈಲಿದ್ದರೆ 10:05ಕ್ಕೂ ಇದೆ, 11:05ಕ್ಕೂ ಇದೆ. ಬಸ್ಸಿನ ಸಮಯವನ್ನು ರೈಲಿಗೆ ಹೊಂದಿಸಿರುತ್ತಾರೆ. ಇದೆಲ್ಲ ಯಾರೋ ಕೂತು, ಗಾಡಿ ಇಲ್ಲದ ಮನುಷ್ಯನೊಬ್ಬ ಬೆಟ್ಟದ ಆ ಕಡೆ ಇಳಿದರೆ ಏನು ಮಾಡುತ್ತಾನೆ ಅಂತ ಯೋಚಿಸಿ ಮಾಡಿದ ಕೆಲಸ. ನನಗೆ ಆ ಕಾಳಜಿಯ ಮೇಲೆ ತುಂಬ ಗೌರವ.

ಆದರೂ ನಾನು ಮತ್ತೆ ಮತ್ತೆ ಬರುವುದು ಅಮ್ಮನ ಹತ್ತಿರಕ್ಕೇ. ಮೂರು ಜನ ಪದವಿ ಓದಿದವರು ವಾರಗಟ್ಟಲೆ ಚರ್ಚೆ ಮಾಡಿ ಕಾಣದ್ದು ಅವರಿಗೆ ಹೇಗೆ ಕಂಡಿತು?

ಅಮ್ಮ ಗಾಡಿ ಓಡಿಸಲು ಕಲಿಯಲೇ ಇಲ್ಲ. ನಾವು ಚಿಕ್ಕವರಿದ್ದಾಗ ಅವರ ಓಡಾಟವೆಲ್ಲ ಬಸ್ಸಿನಲ್ಲೇ. ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ, ಯಾವುದು ತಪ್ಪಿದರೆ ಯಾವುದು ಸಿಗುತ್ತದೆ, ಎಲ್ಲಿ ಇಳಿದು ಸ್ವಲ್ಪ ನಡೆದರೆ ಬೇಗ, ಎಲ್ಲವೂ ಬಾಯಲ್ಲೇ ಇರುತ್ತಿತ್ತು. ನಮ್ಮಿಬ್ಬರ ಕೈ ಹಿಡಿದುಕೊಂಡು, ಹೆಗಲಿಗೆ ಚೀಲ ಹಾಕಿಕೊಂಡು, ಯಾರನ್ನೂ ಕೇಳದೆ ಹೊರಟುಬಿಡುತ್ತಿದ್ದರು. ಆಮೇಲೆ ಮನೆಗೆ ಕಾರು ಬಂತು. ಅಮ್ಮನಿಗೆ ಆರಾಮ ಆಯಿತು ಅಂತ ನಾವೆಲ್ಲ ಅಂದುಕೊಂಡೆವು. ಆಗಿದ್ದು ಏನೆಂದರೆ, ಎಲ್ಲಿಗಾದರೂ ಹೋಗಬೇಕಾದರೆ ಯಾರಿಗೆ ಬಿಡುವಿದೆ ಅಂತ ಅವರು ನೋಡಬೇಕಾಯಿತು. "ನಿನಗೆ ತೊಂದ್ರೆ ಇಲ್ಲ ಅಂದ್ರೆ..." ಅಂತ ಮಾತು ಶುರು ಮಾಡುವುದನ್ನು ಅವರು ಕಲಿತದ್ದು ಕಾರು ಬಂದ ಮೇಲೆ.

"ನಮ್ಮ ಟೈಮ್ ನಮ್ಮ ಕೈಲಿರುತ್ತೆ" ಅಂತ ಭಾವ ಹೇಳುವಾಗ ಸುಳ್ಳು ಹೇಳುತ್ತಿಲ್ಲ. ಅವರ ಮಟ್ಟಿಗೆ ಅದು ನಿಜ. ಸ್ಟೀರಿಂಗ್ ಹಿಡಿದವರ ಕೈಯಲ್ಲಿ ಟೈಮ್ ಇರುತ್ತದೆ. ಉಳಿದ ಸೀಟಿನವರು ಅವರನ್ನು ಕೇಳಬೇಕು. ಇನ್ನೊಂದು ಐದು ನಿಮಿಷ ಇಲ್ಲಿ ಇರೋಣವಾ, ನನಗೆ ಕಾಲು ನೋಯ್ತಿದೆ ಈಗ ಹೊರಡೋಣವಾ. ಪ್ರೀತಿಯ ಮನೆಯಲ್ಲೂ ಕೇಳುವುದು ಕೇಳುವುದೇ, ಅಲ್ವಾ? ಅಮ್ಮನಂಥವರು ಎಷ್ಟು ಕಡೆ ಕೇಳದೇ ಸುಮ್ಮನೆ ಕಾರಿನಲ್ಲಿ ಕೂತು ಬಂದಿದ್ದಾರೋ. ಅರ್ಧ ಗಂಟೆಗೊಂದು ರೈಲು ಇರುವ ಕಡೆ ಇದು ಯಾವುದೂ ಬೇಕಿಲ್ಲ. ಸಾಕು ಅನಿಸಿದರೆ ಮುಂದಿನ ರೈಲು, ಇನ್ನೂ ಇರಬೇಕು ಅನಿಸಿದರೆ ಅದರ ಮುಂದಿನದು.

ಹಾಗಾಗಿ ಫೌಲ್‌ಹಾರ್ನ್ ದಿನವನ್ನು ಎರಡು ಭಾಗ ಮಾಡಿದ್ದೇನೆ. ಆರು ಗಂಟೆಯ ನಡಿಗೆ ಅಮ್ಮನ ಮಂಡಿಗೆ ಆಗುವುದಿಲ್ಲ, ಅಕ್ಕನಿಗೆ ಆಸಕ್ತಿಯಿಲ್ಲ. ಕಾರಾಗಿದ್ದರೆ ಅವರಿಬ್ಬರೂ ಎಲ್ಲೋ ಒಂದು ಕಡೆ ನಮಗಾಗಿ ಕಾಯಬೇಕಿತ್ತು. ಈಗ ನಾನು ಮತ್ತು ಭಾವ ಶೀನಿಗೆ ಪ್ಲಾಟೆ ಕಡೆಯಿಂದ ನಡೆದು ಬರುತ್ತೇವೆ. ಅವರು ನಿಧಾನಕ್ಕೆ ಎದ್ದು, ರೈಲಿನಲ್ಲಿ ಗ್ರಿಂಡೆಲ್‌ವಾಲ್ಡ್‌ಗೆ ಹೋಗಿ, ಗೊಂಡೊಲಾದಲ್ಲಿ ಫಿರ್ಸ್ಟ್ ಸೇರುತ್ತಾರೆ. ಅಲ್ಲಿಂದ ಬಾಖಾಲ್ಪ್‌ಸೇವರೆಗೆ ಅಗಲವಾದ, ಸುಲಭದ ದಾರಿ, ಒಂದು ಗಂಟೆಯ ನಡಿಗೆ. ಕೆರೆ ದಂಡೆಯಲ್ಲಿ ನಾಲ್ವರೂ ಸೇರುವುದು. ಇದನ್ನು ಹೇಳಿದಾಗ ಅಮ್ಮ ಕೇಳಿದ್ದು: "ನಾವಿಬ್ರೇ ಹೋಗ್ಬಹುದಾ?" ಹೋಗಬಹುದು ಅಂದೆ. ರೈಲು ಟ್ಸ್ವೈಲುಚಿನೆನ್ ಎಂಬಲ್ಲಿ ಎರಡಾಗಿ ಒಡೆಯುತ್ತದೆ, ಒಂದು ಭಾಗ ಲೌಟರ್‌ಬ್ರುನೆನ್‌ಗೆ, ಇನ್ನೊಂದು ಗ್ರಿಂಡೆಲ್‌ವಾಲ್ಡ್‌ಗೆ, ಹತ್ತುವಾಗ ಬೋಗಿಯ ಬೋರ್ಡು ನೋಡಿಕೊಳ್ಳಬೇಕು, ಅಷ್ಟೇ ಅಂದೆ. ಅಮ್ಮ ಆ ಹೆಸರನ್ನು ಕನ್ನಡದಲ್ಲಿ ದೊಡ್ಡದಾಗಿ ಒಂದು ಚೀಟಿಯಲ್ಲಿ ಬರೆಸಿಕೊಂಡರು. ಪರ್ಸಿನಲ್ಲಿಟ್ಟುಕೊಂಡಿದ್ದಾರೆ.

ಇಂಥ ಪ್ರವಾಸಕ್ಕೆ ಪ್ಲಾನ್ ಮಾಡುವವರಿಗೆ ಒಂದು ಮಾತು. ದಿನವನ್ನು ಸಂಜೆಯಿಂದ ಹಿಂದಕ್ಕೆ ಲೆಕ್ಕ ಹಾಕಿ. ಮೊದಲು ಕೊನೆಯ ಗೊಂಡೊಲಾ, ಕೊನೆಯ ಬಸ್ಸು ಎಷ್ಟೊತ್ತಿಗೆ ನೋಡಿ. ಕಣಿವೆಯ ರೈಲು ರಾತ್ರಿವರೆಗೂ ಇರುತ್ತದೆ, ಮೇಲಿನವು ಸಂಜೆಗೇ ನಿಲ್ಲುತ್ತವೆ. ಫಿರ್ಸ್ಟ್‌ನಲ್ಲಿ ಗೊಂಡೊಲಾ ತಪ್ಪಿದರೆ ಸಾವಿರ ಮೀಟರಿಗೂ ಜಾಸ್ತಿ ಇಳಿತ ಕಾಲಿನ ಮೇಲೆ ಬೀಳುತ್ತದೆ. ಹಳದಿ ಕೈಗಂಬದ ಸಮಯದಲ್ಲಿ ನಿಂತು ಸುಧಾರಿಸಿಕೊಳ್ಳುವ ಹೊತ್ತು ಸೇರಿರುವುದಿಲ್ಲ, ಅದನ್ನು ನೀವೇ ಸೇರಿಸಿಕೊಳ್ಳಬೇಕು. ಉಳಿದುಕೊಳ್ಳುವ ಜಾಗವನ್ನು ದಿನಾ ಬದಲಿಸಬೇಡಿ. ನಾವು ವಿಲ್ಡರ್ಸ್‌ವಿಲ್ ಹಿಡಿದಿದ್ದೇವೆ. ಲೌಟರ್‌ಬ್ರುನೆನ್, ಗ್ರಿಂಡೆಲ್‌ವಾಲ್ಡ್ ಎರಡೂ ಕಣಿವೆಗೆ ಅಲ್ಲಿಂದ ರೈಲಿದೆ, ಶೀನಿಗೆ ಪ್ಲಾಟೆ ರೈಲು ಹೊರಡುವುದೂ ಅಲ್ಲಿಂದಲೇ. ಸ್ವಿಸ್ ಟ್ರಾವೆಲ್ ಪಾಸ್ ಕೊಳ್ಳುವ ಮುಂಚೆ ಅದು ಎಲ್ಲಿವರೆಗೆ ನಡೆಯುತ್ತದೆ ನೋಡಿಕೊಳ್ಳಿ. ಬೆಟ್ಟದ ಮೇಲಿನ ವೆಂಗೆನ್, ಮ್ಯೂರೆನ್ ಊರುಗಳವರೆಗೆ ಪೂರ್ತಿ ನಡೆಯುತ್ತದೆ, ಇನ್ನೂ ಮೇಲಕ್ಕೆ ಬರೀ ರಿಯಾಯಿತಿ. ಬೆಟ್ಟದ ರೈಲುಗಳಲ್ಲೇ ಜಾಸ್ತಿ ಓಡಾಡುವವರಿಗೆ ಹಾಫ್ ಫೇರ್ ಕಾರ್ಡ್ ಲಾಭ ಆಗಬಹುದು.

ನಿನ್ನೆ ಭಾವ ಫೋನ್ ಮಾಡಿದ್ದರು. ಕಾರಿನ ಮಾತು ಎತ್ತಲಿಲ್ಲ. ಮಳೆ ಬಂದರೆ ಏನು ಮಾಡುವುದು ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಮಳೆ ಬಂದ ದಿನ ಟ್ರ್ಯೂಮೆಲ್‌ಬಾಖ್ ಜಲಪಾತ, ಲೌಟರ್‌ಬ್ರುನೆನ್‌ನಿಂದ ಬಸ್ಸಿನಲ್ಲಿ. ನೀರು ಬೆಟ್ಟದ ಹೊಟ್ಟೆಯೊಳಗೇ ಧುಮುಕುತ್ತದೆ, ಹಾಗಾಗಿ ಮೋಡ ಕವಿದರೂ ನಷ್ಟವಿಲ್ಲ. ಯಾವ ದಿನ ಯಾವುದು ಅಂತ ಈಗಲೇ ಗಟ್ಟಿ ಮಾಡುವುದು ಬೇಡ, ಹಿಂದಿನ ರಾತ್ರಿ ಹವಾಮಾನ ನೋಡಿ ತೀರ್ಮಾನ ಮಾಡೋಣ ಅಂತ ಒಪ್ಪಿಕೊಂಡೆವು. ಇನ್ನು ಉಳಿದಿರುವುದು ಅಮ್ಮನ ಬೂಟು. ಈ ಶನಿವಾರವೇ ಕೊಂಡರೆ ಜುಲೈ ಹೊತ್ತಿಗೆ ಕಾಲಿಗೆ ಒಗ್ಗುತ್ತದೆ.