ಅಕ್ಕಿ ಚೀಲದ ಮೂಲೆ

ಮೇ ತಿಂಗಳ ಒಂದು ಶನಿವಾರ, ಬೆಳಗಿನ ಜಾವ ನಾಲ್ಕಕ್ಕೇ ಕಲಬುರಗಿ ಬಿಟ್ಟೆವು. ನಾವು ಏಳು ಜನ. ಒಬ್ಬ ಗೌಂಡಿ, ಒಬ್ಬರು ಸಿವಿಲ್ ಇಂಜಿನಿಯರ್, ಇಬ್ಬರು ಲೆಕ್ಚರರ್, ಇಬ್ಬರು ಕಾಲೇಜು ಹುಡುಗರು, ಮತ್ತೆ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುವ ನಾನು. ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆಗೆ ಬಣ್ಣ ಹಚ್ಚಬೇಕು ಅಂತ ಹೊರಟಿದ್ದೆವು. ಗಾಡಿಯ ತುಂಬ ಡಬ್ಬಿ, ಬ್ರಷ್ಷು, ರೋಲರ್.

ಮಳಖೇಡ ದಾಟುವಾಗ ಇನ್ನೂ ಕತ್ತಲು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರು ಅದು. ಈಗ ಆ ನಾಡಿನ ಗತಿ ನೋಡಿ: ಎಸ್ಸೆಸ್ಸೆಲ್ಸಿ ಫಲಿತಾಂಶದ ಜಿಲ್ಲಾವಾರು ಪಟ್ಟಿಯಲ್ಲಿ 2024ರಲ್ಲಿ ಪಕ್ಕದ ಯಾದಗಿರಿ ಕೊನೆ, 2025ರಲ್ಲಿ ನಮ್ಮ ಕಲಬುರಗಿ ಕೊನೆ. ಆ ಪಟ್ಟಿ ನೋಡಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಮಕ್ಕಳದ್ದೇ ತಪ್ಪು ಅನ್ನೋ ಹಾಗೆ ಮಾತಾಡುವವರ ಮೇಲೆ ಸಿಟ್ಟೂ ಬರುತ್ತದೆ. ಆ ಮಕ್ಕಳು ಕೂರುವ ಕೋಣೆ ಹೇಗಿದೆ ಅಂತ ಒಂದು ಸಲ ಹೋಗಿ ನೋಡಬೇಕು, ಅಲ್ವಾ?

ಶಾಲೆ ಮುಟ್ಟಿದಾಗ ಐದೂವರೆ. ಗಾಡಿ ಸದ್ದು ಕೇಳಿ ಬಿಸಿಯೂಟದ ಅಡುಗೆಯವರು ಮನೆಯಿಂದ ಎದ್ದು ಬಂದರು. ಅರವತ್ತರ ಹತ್ತಿರದ ಹೆಂಗಸು, ಸೊಂಟದಲ್ಲಿ ಕೀಲಿ ಗೊಂಚಲು. ಡಬ್ಬಿಗಳನ್ನು ನೋಡಿದವರೇ ಕೇಳಿದರು: "ಬಣ್ಣ ಹಚ್ಚಾಕ ಬಂದೀರೇನ್ರಿ? ಹೋದ ವರ್ಷನೂ ಯಾರೋ ಬಂದು ಹಚ್ಚಿ ಹೋದ್ರು. ಚಂದ ಇತ್ತು. ಮಳಿ ಬಂದ ಮ್ಯಾಲ ಎಲ್ಲಾ ನಮ್ಮ ಅಕ್ಕಿ ಚೀಲದ ಮ್ಯಾಲ ಉದುರ್ತು."

ಕೀಲಿ ತೆಗೆದು ಒಳಗೆ ಕರೆದುಕೊಂಡು ಹೋದರು. ಅಡುಗೆ ಸಾಮಾನಿನ ಕೋಣೆಗೂ ಪಕ್ಕದಲ್ಲಿ ಚಿಕ್ಕ ಕ್ಲಾಸಿನ ಮಕ್ಕಳು ಕಲಿಯುವ ನಲಿ-ಕಲಿ ಕೋಣೆಗೂ ಒಂದೇ ಗೋಡೆ. ಆ ಗೋಡೆಯ ಮೇಲ್ಗಡೆ ಮೂಲೆಯಲ್ಲಿ ಹಳದಿ ಬಣ್ಣ ಗುಳ್ಳೆ ಎದ್ದು ಸಿಪ್ಪೆಯಾಗಿ ನೇತಾಡುತ್ತಿತ್ತು. ಬೆರಳು ತಾಗಿಸಿದರೆ ಸಾಕು, ಅಂಗೈಯಗಲ ಕಳಚಿ ಬರುತ್ತಿತ್ತು. ಒಳಗೆ ಬಿಳಿ ಉಪ್ಪಿನ ಪುಡಿ. ಮಳೆಗಾಲದಲ್ಲಿ ರಾತ್ರಿ ಗುಡುಗಿದರೆ ಸಾಕು, ಈ ತಾಯಿ ಎದ್ದು ಬಂದು ಚೀಲಗಳನ್ನು ಆಚೆ ಗೋಡೆಗೆ ಎಳೆಯುತ್ತಾರಂತೆ. ಐವತ್ತು ಕಿಲೋ ಚೀಲ, ಒಬ್ಬರೇ.

ನಮ್ಮ ಗೌಂಡಿ ಏನೂ ಮಾತಾಡದೆ ನಿಚ್ಚಣಿಕೆ ಇಟ್ಟು ಮಾಳಿಗೆ ಹತ್ತಿದ. ಎರಡು ನಿಮಿಷಕ್ಕೆ ಮೇಲಿಂದ ಕೂಗಿದ. ಹೋಗಿ ನೋಡಿದರೆ ನೀರು ಹೋಗುವ ಪೈಪಿನ ಬಾಯಿ ಪೂರ್ತಿ ಮುಚ್ಚಿತ್ತು. ಬೇವಿನ ಎಲೆ, ಮಣ್ಣು, ಒಂದು ಚಪ್ಪಲಿ, ಒಡೆದ ಪ್ಲಾಸ್ಟಿಕ್ ಚೆಂಡು. ಮಳೆ ನೀರು ಹೋಗಲು ದಾರಿಯಿಲ್ಲದೆ ಅಲ್ಲೇ ನಿಂತು, ಮಾಳಿಗೆ ಮತ್ತು ಪ್ಯಾರಾಪೆಟ್ ಕೂಡುವ ಕಡೆಯ ಬಿರುಕಿನಿಂದ ಒಳಗೆ ಇಳಿಯುತ್ತಿತ್ತು. ಹಿಂದಿನ ತಂಡದವರು ಮೇಲೆ ಹತ್ತಿಯೇ ಇರಲಿಲ್ಲ. ಇಂತಹ ಗೋಡೆಗೆ ಎಷ್ಟು ಬಣ್ಣ ಹಚ್ಚಿದರೂ ಸುಮ್ನೆ ದುಡ್ಡು ದಂಡ.

ಬಣ್ಣದ ಡಬ್ಬಿಗಳನ್ನು ಬದಿಗಿಟ್ಟೆವು. ಬಿಲ್ಲು ನನ್ನ ಹತ್ತಿರವೇ ಇತ್ತು. ಅಂಗಡಿಗೆ ಫೋನ್ ಮಾಡಿ ಅರ್ಧ ಬಣ್ಣ ವಾಪಸ್ ಕೊಡುತ್ತೇವೆ, ಬದಲಿಗೆ ವಾಟರ್‌ಪ್ರೂಫಿಂಗ್ ಸಾಮಾನು ಕಳಿಸಿ ಅಂದೆ. ಹತ್ತು ಗಂಟೆಗೆ ಬಂತು. ಅಷ್ಟೊತ್ತಿಗೆ ಮಾಳಿಗೆ ಗುಡಿಸಿ, ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಿ, ಬಿರುಕನ್ನು ಉಳಿಯಿಂದ ಅಗಲ ಮಾಡಿ ಗಾರೆ ತುಂಬಿದ್ದೆವು. ಕೂದಲೆಳೆಯಂತಹ ಬಿರುಕಿಗೆ ಮೇಲಿಂದ ಮೇಲೆ ಸಿಮೆಂಟು ಸವರಿದರೆ ಹಿಡಿಯೋದಿಲ್ಲ. ಅಗಲ ಮಾಡಿಯೇ ತುಂಬಬೇಕು.

ಹನ್ನೊಂದರ ನಂತರ ಮೇಲೆ ಕಾಲಿಡಲು ಆಗಲಿಲ್ಲ. ನಮ್ಮ ಕಡೆ ಮೇ ಬಿಸಿಲು 42, 43 ಡಿಗ್ರಿ. ಕಾದ ಸ್ಲ್ಯಾಬಿನ ಮೇಲೆ ಹಚ್ಚಿದ್ದು ಗಟ್ಟಿಯಾಗುವ ಮೊದಲೇ ಒಣಗಿ ಬಿರಿಯುತ್ತದೆ. ಹಾಗಾಗಿ ಭಾನುವಾರ ನಸುಕಿನಲ್ಲಿ ಸ್ಲ್ಯಾಬಿಗೆ ನೀರು ಚಿಮುಕಿಸಿ ಮೊದಲ ಕೋಟು ಕೊಟ್ಟೆವು. ಸಂಜೆ ಅಡ್ಡಡ್ಡ ಎರಡನೇ ಕೋಟು.

ನಡುವೆ ಒಂದು ಮಾತು ಹೇಳಬೇಕು. ಕೊನೆಯ ಕೋಣೆಯಲ್ಲಿ ಬೀಮಿನ ಸಿಮೆಂಟು ಕಳಚಿ ತುಕ್ಕು ಹಿಡಿದ ಕಬ್ಬಿಣ ಕಾಣುತ್ತಿತ್ತು. ಊರು ಇರೋದು ಎರೆ ಮಣ್ಣಿನ ಮೇಲೆ. ಮಳೆಗಾಲದಲ್ಲಿ ಅದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ, ಗೋಡೆಯೂ ಅದರ ಜೊತೆ ಅಲುಗುತ್ತದೆ. ಆ ಕೋಣೆಯ ಗೋಡೆಯಲ್ಲಿ ಓರೆ ಬಿರುಕು. ಪುಟ್ಟಿ ಹಾಕಿ ಮುಚ್ಚೋಣವಾ ಅಂತ ಹುಡುಗರು ಕೇಳಿದರು. ಇಂಜಿನಿಯರ್ ಖಡಾಖಂಡಿತವಾಗಿ ಬೇಡ ಅಂದರು. "ಮುಚ್ಚಿದ್ರ ನಾಳೆ ಯಾರ ಕಣ್ಣಿಗೂ ಬೀಳಂಗಿಲ್ಲ. ಮಕ್ಕಳು ಅದರ ಕೆಳಗೇ ಕೂಡ್ತಾವ." ಹೆಡ್ ಮಾಸ್ತರು ಆವತ್ತೇ ಕೋಣೆಗೆ ಬೀಗ ಹಾಕಿದರು. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯ ಅಧ್ಯಕ್ಷರನ್ನು ಕರೆಸಿ, ಫೋಟೊ ಲಗತ್ತಿಸಿ ಶಿಕ್ಷಣ ಇಲಾಖೆಯ ಬಿಇಓ ಕಚೇರಿಗೆ ಪತ್ರ ಬರೆದರು. ಇಂತಹ ಕೆಲಸ ಸರ್ಕಾರವೇ ಮಾಡಬೇಕು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂದ ಮೇಲೆ ಇಲ್ಲಿಗೆ ಬರುವ ದುಡ್ಡು ಇರೋದು ಇಂತಹದ್ದಕ್ಕೇ. ನಮ್ಮಂಥವರು ಅದರ ಮೇಲೆ ಬಣ್ಣ ಬಳಿದರೆ ಉಪಕಾರಕ್ಕಿಂತ ಅಪಾಯವೇ ಜಾಸ್ತಿ.

ಮುಂದಿನ ಶನಿವಾರ ಮತ್ತೆ ಹೋದೆವು. ಕೋಟು ಗಟ್ಟಿಯಾಗಿತ್ತು. ಇನ್ನೂ ಸೋರುತ್ತದಾ ಅಂತ ನೋಡಬೇಕಿತ್ತು. ಸೋರುತ್ತಿದ್ದ ಮೂಲೆಯಲ್ಲಿ ಆರಡಿಗೆ ಆರಡಿ ಎರೆ ಮಣ್ಣಿನ ಬದು ಕಟ್ಟಿ, ಪೈಪಿಗೆ ಬಟ್ಟೆ ತುರುಕಿ, ಎರಡಿಂಚು ನೀರು ನಿಲ್ಲಿಸಬೇಕು. ಲೆಕ್ಕ ಹಾಕಿದೆ, ಸುಮಾರು 170 ಲೀಟರ್. ಬೋರಿನಲ್ಲಿ ನೀರು ದಾರದಂತೆ ಬರುತ್ತಿದ್ದ ದಿನಗಳು. ಕೇಳಲು ನಮಗೆ ಬಾಯಿ ಬರಲಿಲ್ಲ. ಅಡುಗೆಯವ್ವನೇ ಓಣಿಗೆ ಹೋಗಿ ಬಂದರು. ಹಿಂದೆ ಎಂಟು ಜನ ಹೆಂಗಸರು, ತಲೆ ಮೇಲೆ ಕೊಡ. ನಿಚ್ಚಣಿಕೆಯ ಮೇಲೆ ಒಬ್ಬೊಬ್ಬರು ನಿಂತು ಕೈಯಿಂದ ಕೈಗೆ ಕೊಡ ದಾಟಿಸಿದರು. ಒಂದು ಹನಿ ಚೆಲ್ಲದ ಹಾಗೆ.

ನೀರು ನಿಂತಿರುವಾಗ ಒಳಗೆ ನಲಿ-ಕಲಿ ಕೋಣೆಯ ಕೆಲಸ. ಅಲ್ಲಿ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಕಲಿಯುತ್ತಾರೆ. ಅವರು ಬರೆಯಲು ಗೋಡೆಯ ಕೆಳಗೇ ಕಪ್ಪು ಪಟ್ಟಿ ಬೇಕು. ನಾನು ಟೇಪು ಹಿಡಿದು ನನ್ನ ಅಂದಾಜಿನಲ್ಲಿ ಗೆರೆ ಹಾಕಿದ್ದೆ. ಟೀಚರ್ ನೋಡಿ, ಅಡುಗೆಯವ್ವನ ಮೊಮ್ಮಗಳನ್ನು ಕರೆದರು. ಒಂದನೇ ಕ್ಲಾಸು ಮುಗಿಸಿದ ಹುಡುಗಿ. ಗೋಡೆಗೆ ನಿಂತು ಕೈ ಚಾಚಿದಳು. ನನ್ನ ಗೆರೆ ಅವಳ ಬೆರಳಿಗಿಂತ ಒಂದು ಗೇಣು ಮೇಲಿತ್ತು. ಅವಳ ಕೈಯಲ್ಲಿ ಪೆನ್ಸಿಲ್ ಕೊಟ್ಟೆವು. ಎಲ್ಲಿಯವರೆಗೆ ಎಟುಕುತ್ತದೋ ಅಲ್ಲಿ ಅವಳೇ ಗುರುತು ಹಾಕಿದಳು, ನಾಲಿಗೆ ಹಲ್ಲಿನ ನಡುವೆ ಕಚ್ಚಿಕೊಂಡು. ಆ ಗುರುತಿನ ಕೆಳಗೇ ಕಪ್ಪು ಬಣ್ಣ ಹಚ್ಚಿದೆವು.

ಭಾನುವಾರ ಬೆಳಿಗ್ಗೆ ಅಡುಗೆಯವ್ವ ನಮಗಿಂತ ಮೊದಲೇ ಒಳಗಿದ್ದರು. ಕುರ್ಚಿ ಹತ್ತಿ ಆ ಮೂಲೆಗೆ ಅಂಗೈ ಒತ್ತಿ ಹಿಡಿದಿದ್ದರು. ಒಣಗಿತ್ತು. ಮಾಳಿಗೆಯ ಮೇಲಿನ ನೀರನ್ನು ಪೈಪಿನಿಂದ ಬಿಟ್ಟು ಕೆಳಗೆ ಕೊಡ ಇಟ್ಟು ಹಿಡಿದೆವು. ಅಷ್ಟೂ ಬೇವಿನ ಸಸಿಗಳಿಗೆ ಹೋಯಿತು.

"ಅವ್ವಾ, ಇನ್ನು ಚೀಲ ಇಲ್ಲೇ ಇಡಬಹುದು" ಅಂದೆ.

"ಮಳಿ ಬರಲಿ ತಮ್ಮಾ, ನೋಡೂಣು" ಅಂದರು.

ಜೂನ್ ಕೊನೆಗೆ ಎರಡು ದಿನ ಬಿಡದೆ ಸುರಿಯಿತು. ಮೂರನೇ ದಿನ ಟೀಚರ್ ಒಂದು ಫೋಟೊ ಕಳಿಸಿದರು. ಆ ಮೂಲೆಯಲ್ಲಿ ಒಂದರ ಮೇಲೊಂದು ನಾಲ್ಕು ಚೀಲ, ಗೋಡೆಗೆ ಒತ್ತಿಕೊಂಡು.